ಅಂಗೈಯಲ್ಲಿ ಕೂತ ನಾಯಿ

“ಗೂಳಿ ಥರ ಇದೆ ಈ ನಾಯಿ! ಇದನ್ನ ಅಂಗೈಲಿ ಇಟ್ಕೊಂಡು ಬರ್ಬೇಕಾ?” ದಪ್ಪ ಮೀಸೆಯ ಮಾವ ಕೂಗಿದರು.

ಪ್ರಾಣಿಗಳ ಆಸ್ಪತ್ರೆಯಲ್ಲಿ ಕಾಯುತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಸ್ಪೀಕರ್ ಮಾತ್ರ ನಗಲಿಲ್ಲ. “ನಾಯಿ ಒಳಗೆ ಬರಲಿ. ಅಂಗೈಯಲ್ಲಿ ಮೆಲ್ಲಗೆ ಹಿಡಿದುಕೊಳ್ಳಿ” ಎಂದು ಮತ್ತೊಮ್ಮೆ ಹೇಳಿತು.

ಡಾಕ್ಟರಮ್ಮನ ಮಗಳು ನಾಲಿಗೆ ಕಚ್ಚಿಕೊಂಡಳು. ಎಲ್ಲರ ಬಾಯಲ್ಲೂ ಅವಳು ‘ಗಡಿಬಿಡಿ’. ನರ್ಸ್ ಆಂಟಿಯ ಗಂಟಲು ಕಟ್ಟಿದೆಯೆಂದು, ಅವರ ಬದಲು ಕಂಪ್ಯೂಟರೇ ಕರೆಯುವ ಹಾಗೆ ಪ್ರೋಗ್ರಾಂ ಮಾಡಿದ್ದಳು. ಬರೆದದ್ದು ಒಂದೇ ಅಚ್ಚು: ‘ಇಂಥದ್ದು ಒಳಗೆ ಬರಲಿ. ಹೀಗೆ ಹಿಡಿದುಕೊಳ್ಳಿ.’ ಪಕ್ಕದಲ್ಲೊಂದು ಟೇಬಲ್, ಅಂದರೆ ಪಟ್ಟಿ. ಸಾಲಿಗೊಂದು ಪ್ರಾಣಿ, ಅದರ ಮುಂದೆ ಅದನ್ನು ಹಿಡಿಯುವ ರೀತಿ. ಬಟನ್ ಒತ್ತಿದರೆ ಸಾಕು, ಪ್ರತಿ ಸಾಲಿಗೂ ಸ್ಪೀಕರ್ ಹೇಳಬೇಕಾದ ಮಾತಿನ ಕೋಡ್ ಅಚ್ಚಿನಿಂದ ತಾನೇ ತಯಾರಾಗುತ್ತಿತ್ತು. ಅವಸರದಲ್ಲಿ ಇಲಿಯದ್ದು ನಾಯಿಯ ಸಾಲಿಗೆ, ನಾಯಿಯದ್ದು ಇಲಿಯ ಸಾಲಿಗೆ ಬಿದ್ದುಬಿಟ್ಟಿತ್ತು.

ಅಮ್ಮ ಬಾಗಿಲಿಂದ ಇಣುಕಿದಳು. “ಇನ್ನೊಂದ್ಸಲ ಹೀಗಾದ್ರೆ ಸ್ಪೀಕರ್ ಬಂದ್. ಆಂಟೀನೇ ಕೂಗ್ಲಿ.”

ಆಂಟಿ ಗಂಟಲು ಹಿಡಿದುಕೊಂಡು, ಬೇಡ ಬೇಡ ಎಂದು ತಲೆಯಾಡಿಸಿದರು.

“ಒಂದೇ ನಿಮಿಷಮ್ಮಾ!” ಗಡಿಬಿಡಿ ತಯಾರಾಗಿದ್ದ ಕೋಡಿಗೇ ಕೈಹಾಕಿದಳು. ನಾಯಿ ಹಿಡಿಯುವ ಮಾತನ್ನು ಅಲ್ಲೇ ಅಳಿಸಿ ‘ಬೆಲ್ಟ್ ಬಿಗಿಯಾಗಿ’ ಎಂದು ಬರೆದಳು. ಸ್ಪೀಕರ್ ಸರಿಯಾಗಿ ಹೇಳಿತು. ಮೀಸೆ ಮಾವ ಒಳಗೆ ಹೋದರು.

ಅಷ್ಟರಲ್ಲಿ ಒಬ್ಬರು ಅಜ್ಜಿ ಆಮೆ ತಂದರು. ಟೇಬಲ್‌ನಲ್ಲಿ ಆಮೆಯೇ ಇರಲಿಲ್ಲ. ಗಡಿಬಿಡಿ ಹೊಸ ಸಾಲು ಸೇರಿಸಿ ಬಟನ್ ಒತ್ತಿದಳು.

“ಆಮೆ ಒಳಗೆ ಬರಲಿ. ಓಡದಂತೆ ಹಿಡಿದುಕೊಳ್ಳಿ.”

“ಇದು ಓಡಿದ್ರೆ ಸಿಹಿ ಹಂಚ್ತೀನಿ ಕಣೇ!” ಎಂದರು ಅಜ್ಜಿ.

ಆಮೇಲೆ ಬಂದದ್ದು ಕರುವಿನಷ್ಟು ಎತ್ತರದ ಇನ್ನೊಂದು ನಾಯಿ.

“ನಾಯಿ ಒಳಗೆ ಬರಲಿ. ಅಂಗೈಯಲ್ಲಿ ಮೆಲ್ಲಗೆ…”

ನಾಯಿಯನ್ನು ಕರೆತಂದಿದ್ದ ಸಣಕಲು ಟೀಚರ್ ಪಾಪ, ನಿಜವಾಗಿಯೂ ಎತ್ತಲು ಬಗ್ಗಿದರು. ನಾಯಿ ಖುಷಿಯಿಂದ ಮುಂಗಾಲೆರಡನ್ನೂ ಅವರ ಹೆಗಲಿಗೆ ಹಾಕಿತು. ಟೀಚರ್ ಕುಸಿದು ಕೂತರು. “ಅಯ್ಯೋ, ಯಾರಾದ್ರೂ ನನ್ನನ್ನ ಎತ್ರಪ್ಪಾ!”

“ಏನೇ ಅದು ಗಲಾಟೆ?” ಒಳಗಿಂದ ಅಮ್ಮನ ದನಿ.

“ಏನಿಲ್ಲ ಡಾಕ್ಟ್ರೇ…” ಆಂಟಿ ಇದ್ದಬದ್ದ ದನಿಯಲ್ಲಿ ಕೀಚಲು ಕೀಚಲಾಗಿ ಹೇಳಿ, ಟೀಚರ್ ಮೇಲಿಂದ ನಾಯಿಯನ್ನು ಇಳಿಸಿದರು.

‘ಆಗಲೇ ಸರಿ ಮಾಡಿದ್ದೆನಲ್ಲ!’ ಗಡಿಬಿಡಿ ಮತ್ತೆ ಕೋಡ್ ತೆರೆದಳು. ಕೀಬೋರ್ಡಿನ ಮೇಲೆ ಬೆರಳು ನಿಂತಿತು. ಆಮೆಗೆಂದು ಬಟನ್ ಒತ್ತಿದಾಗ ಕೋಡೆಲ್ಲ ಹೊಸದಾಗಿ ಹುಟ್ಟಿತ್ತು. ಹುಟ್ಟಿದ್ದು ಟೇಬಲ್ ನೋಡಿಕೊಂಡು. ಅಲ್ಲಿ ನಾಯಿ ಇನ್ನೂ ಅಂಗೈಯಲ್ಲೇ ಕೂತಿತ್ತು.

ಅವಳು ಕೋಡ್ ಮುಚ್ಚಿ ಟೇಬಲ್ ತೆರೆದಳು. ನಾಯಿಗೆ ಬೆಲ್ಟ್ ಕೊಟ್ಟಳು, ಇಲಿಗೆ ಅಂಗೈ ಕೊಟ್ಟಳು.

“ಆಯ್ತೇನೇ?” ಅಮ್ಮ ಕೇಳಿದಳು.

ಬೆರಳು ಬಟನ್ ಮೇಲೇ ಇತ್ತು. ಗಡಿಬಿಡಿ ಅದನ್ನು ಹಿಂದಕ್ಕೆ ತೆಗೆದಳು.

“ಇರಮ್ಮ,” ಎಂದು ಟೇಬಲ್ಲನ್ನು ಮೊದಲ ಸಾಲಿನಿಂದ ಓದತೊಡಗಿದಳು.