ಅವನು ಬಿಟ್ಟುಹೋದ ಕುರ್ಚಿ

ಮೀಟಿಂಗ್ ಶುರುವಾದಾಗ ಅವನ ಕುರ್ಚಿಯಲ್ಲಿ ಹೊಸ ಲೆಕ್ಚರರ್ ಕೂತಿದ್ದಳು. ಅವನು ತಾನಾಗಿಯೇ ಕೇಳಿಕೊಂಡು ಹಾಸ್ಟೆಲ್ ವಿಭಾಗಕ್ಕೆ ಹೋದನಂತೆ. ನನಗೊಂದು ಮಾತೂ ಹೇಳಿರಲಿಲ್ಲ.

ಯೂನಿವರ್ಸಿಟಿಯ ಆಯ್ಕೆ ಸಮಿತಿಯಲ್ಲಿ ನಮ್ಮ ಸಮುದಾಯದವಳೆಂದು ಇಷ್ಟು ವರ್ಷ ನಾನೊಬ್ಬಳೇ. ನಮ್ಮ ಮಕ್ಕಳ ಅರ್ಜಿ ಬಂದಾಗಲೆಲ್ಲ, ‘ಪಾಪ, ಇಲ್ಲಿ ಹೊಂದಿಕೊಳ್ಳೋದು ಕಷ್ಟ’ ಎಂದು ಯಾರಾದರೂ ಮೆಲ್ಲಗೆ ಅನ್ನುತ್ತಾರೆ. ನಾನು ಕೈ ಎತ್ತುತ್ತೇನೆ. ಎದುರಿನಿಂದ ಅವನೂ ಎತ್ತುತ್ತಿದ್ದ; ಎತ್ತಿ, ನನ್ನತ್ತ ಒಂದು ಹುಬ್ಬು ಕುಣಿಸುತ್ತಿದ್ದ. ಇಬ್ಬರಾದರೂ ಕೈ ಎತ್ತಿದರೆ ಅರ್ಜಿ ಸಂದರ್ಶನಕ್ಕೆ ಹೋಗುತ್ತದೆ. ಗಂಡಹೆಂಡತಿ ಒಂದೇ ಸಮಿತಿಯಲ್ಲಿ ಇರುವಂತಿಲ್ಲ ಎಂಬ ನಿಯಮವೂ ಇದೆ. ಮದುವೆಯಾದರೆ ಒಬ್ಬರು ಏಳಬೇಕು, ಒಂದು ಕೈ ಕಡಿಮೆಯಾಗುತ್ತದೆ; ಹಾಗಾಗಿ ನಮ್ಮ ಪ್ರೀತಿ ಆ ಹುಬ್ಬಿನಿಂದ ಮುಂದಕ್ಕೆ ಹೋಗಿರಲಿಲ್ಲ.

ಇವತ್ತು ನರ್ಸಿಂಗ್ ಓದಬೇಕೆಂದ ನಮ್ಮ ಹುಡುಗಿಯೊಬ್ಬಳಿಗೆ ನಾನೊಬ್ಬಳೇ ಕೈ ಎತ್ತಿದೆ. ಹೊಸ ಲೆಕ್ಚರರ್, ಅವಳೂ ನಮ್ಮವಳೇ, ತಲೆ ತಗ್ಗಿಸಿ ಪೆನ್ನಿನ ಕ್ಯಾಪ್ ತಿರುಗಿಸುತ್ತಿದ್ದಳು.

ಮೀಟಿಂಗ್ ಮುಗಿಸಿ ಹುಡುಕಿಕೊಂಡು ಹೋದಾಗ, ಹಾಸ್ಟೆಲ್ ಸ್ಟೋರಿನಲ್ಲಿ ಅವನು ದಿಂಬುಗಳ ರಾಶಿಯ ನಡುವೆ ನಿಂತಿದ್ದ.

“ಬನ್ನಿ ಮೇಡಂ. ಇದ್ರಲ್ಲಿ ಯಾವ್ದು ಮೆತ್ತಗಿದೆ ಹೇಳಿ.”

“ನಗಿಸ್ಬೇಡ. ಹೇಳ್ದೆ ಕೇಳ್ದೆ ಓಡಿಬಂದ್ಯಲ್ಲ.”

“ನಿಮ್ಮವಳು ಇನ್ನೊಬ್ಬಳು ಸಮಿತಿಗೆ ಬಂದ್ಳಲ್ಲ, ಇನ್ನು ನಾನು ಎದ್ರೂ ನಡೆಯುತ್ತೆ ಅನ್ಕೊಂಡೆ. ನಾನು ಎದ್ರೆ ತಾನೇ ನಿಮ್ಮಮ್ಮನ ಹತ್ರ ಬಂದು ಹೆಣ್ಣು ಕೇಳೋಕಾಗೋದು?”

ವರ್ಷಗಳಿಂದ ಕಾದಿದ್ದ ಮಾತು. ಕಿವಿಗೆ ಬಿದ್ದಾಗ ಎಲ್ಲಾದರೂ ಕೂರಬೇಕೆನಿಸಿತು, ಅಷ್ಟೇ.

“ಅವಳು ಕೈ ಎತ್ತಲಿಲ್ಲ ಕಣೋ. ತನ್ನವಳು ಅಂತ ಎತ್ತಿದ್ಳು ಅಂತ ಯಾರಾದ್ರೂ ಅಂದ್ಬಿಟ್ರೆ ಅನ್ನೋ ಭಯವಂತೆ. ಆಮೇಲೆ ಹೊರಗೆ ಬಂದು ಅತ್ತಳು. ಆ ಹುಡುಗಿ ಅರ್ಜಿ ಬಿದ್ದುಹೋಯ್ತು.”

ಅವನು ದಿಂಬನ್ನು ಕೆಳಗಿಟ್ಟ. ಕಾರಿಡಾರಿನಲ್ಲಿ ಯಾರೋ ಬಕೆಟ್ ಎಳೆದುಕೊಂಡು ಹೋದರು.

“ನಾಳೆ ಫೈಲ್ ಮತ್ತೆ ತೆಗೆಸ್ಬಹುದು,” ಎಂದ. “ನನ್ನ ಆರ್ಡರ್‌ಗೆ ಇನ್ನೂ ಸಹಿ ಬಿದ್ದಿಲ್ಲ. ವಾಪಸ್ ಬರ್ತೀನಿ.”

ಹಾಗೆಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು.

“ಬೆಳಿಗ್ಗೆ ಅವಳ ಹತ್ರ ಮಾತಾಡ್ತೀನಿ,” ಎಂದೆ. “ಅವಳು ಆಗಲ್ಲ ಅಂದ್ರೆ ನೀನು ಬಾ. ಮದುವೆ ಕಾಯುತ್ತೆ. ಆ ಹುಡುಗಿ ಕಾಯೋಕಾಗಲ್ಲ.”

“ನೀನು?”

“ನಂಗೆ ಸಾಕಾಗಿದೆ. ಆದ್ರೂ ಕಾಯ್ತೀನಿ.”

ಮರುದಿನ ಫೈಲ್ ಮತ್ತೆ ಬಂತು. ಹೊಸ ಲೆಕ್ಚರರ್ ಕೈ ಮೇಲೇರಿತು. “ಆ ಹುಡುಗಿ ಅರ್ಜೀಲಿ ಬರೆದಿರೋದನ್ನ ಓದಿಯೇ ಎತ್ತಿದೀನಿ. ನೀವೂ ಓದಿ,” ಎಂದಳು. ಅರ್ಜಿ ಸಂದರ್ಶನಕ್ಕೆ ಹೋಯಿತು.

ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ.

“ಸಂಜೆ ಒಬ್ಬರನ್ನ ಕರ್ಕೊಂಡು ಬರ್ತೀನಿ ಅಮ್ಮ. ಮದುವೆ ಮಾತಾಡೋಕೆ.”

“ನಮ್ಮ ಪೈಕಿಯವನಾ?”

“ಅಲ್ಲ.”

ನಾನು ಗೋಡೆಗೆ ಒರಗಿ ಕಣ್ಣು ಮುಚ್ಚಿದೆ. ವಾದಿಸಲು ನನ್ನಲ್ಲಿ ಏನೂ ಉಳಿದಿರಲಿಲ್ಲ.

“ಬರೀ ಟೀಗೆ ಬರ್ತಾನೋ, ಊಟಕ್ಕೂ ಇರ್ತಾನೋ?” ಎಂದಳು ಅಮ್ಮ.