ರಾಜರ ಜೋಡಿ ಎಸೆದ ಪ್ರೊಫೆಸರ್

"ಹೇಳ್ತೀಯೋ... ಬಿಡ್ಲೋ?"

ಕೇಳಿದವನು ಗೂಳಿ. ಹೆತ್ತವರು ಇಟ್ಟ ಹೆಸರಲ್ಲ, ಎಲ್ಲರೂ ಕರೆಯುವುದು ಹಾಗೆ. ಅವನ ಒಂದು ಕೈ ನನ್ನ ಕಾಲರ್ ಹಿಡಿದಿತ್ತು. ನನ್ನ ಕಾಲ್ಬೆರಳುಗಳು ಐದನೇ ಮಹಡಿಯ ಅಂಚಿಗೆ ತಾಕಿದ್ದವು. ಉಳಿದ ನಾನೆಲ್ಲ ಲಿಫ್ಟ್ ಇಲ್ಲದ ಲಿಫ್ಟ್ ಬಾವಿಯ ಮೇಲೆ ಜೋತಾಡುತ್ತಿದ್ದೆ!

ಕೆಳಗೆ ಬರೀ ಕತ್ತಲೆ.

"ಏನ್ ಹೇಳ್ಲಿ?"

"ನಿನ್ ಭಾವ ಯಾವ ಸಾಫ್ಟ್‌ವೇರ್ ಹಾಕಿದಾನೆ? ಪ್ರೊಫೆಸರ್ ಸಾರ್ ಕಾರ್ಡು ಅವನಿಗೆ ಹೆಂಗ್ ಕಾಣ್ತು?"

"ಸಾಫ್ಟ್‌ವೇರಾ? ನಮ್ ಭಾವನಿಗೆ ಅಲಾರಂ ಇಡೋದಕ್ಕೂ ಅಕ್ಕನೇ ಬೇಕು ಕಣಪ್ಪಾ!"

ಗೂಳಿಗೆ ಹಾಸ್ಯಪ್ರಜ್ಞೆ ಇರಲಿಲ್ಲ. ನನ್ನನ್ನು ಒಮ್ಮೆ ಜೋರಾಗಿ ಕುಲುಕಿದ.

ಪರ್ರ್...

ಕಾಲರ್ ಹರಿಯಿತು!

ಬಿದ್ದೆ. ಸತ್ತೆ ಎಂದುಕೊಂಡೆ. ಅಷ್ಟರಲ್ಲೇ ಧಡ್! ರಿಪೇರಿಗೆ ನಿಲ್ಲಿಸಿದ್ದ ಲಿಫ್ಟಿನ ತಲೆ ಒಂದೇ ಮಹಡಿ ಕೆಳಗಿತ್ತು. ಅದರ ಮೇಲೆ ನಾನು. ಸೊಂಟ ಸೊಂಟದ ಜಾಗದಲ್ಲೇ ಇತ್ತು, ಸ್ವಲ್ಪ ಕೋಪಿಸಿಕೊಂಡಿತ್ತು ಅಷ್ಟೆ. ರಿಪೇರಿಯವನು ನಾಲ್ಕನೇ ಮಹಡಿಯ ಬಾಗಿಲು ಮುಚ್ಚದಂತೆ ಏಣಿ ಅಡ್ಡ ಇಟ್ಟು ಊಟಕ್ಕೆ ಹೋಗಿದ್ದ. ಆ ಪುಣ್ಯಾತ್ಮನ ಏಣಿ ದಾಟಿ ಕಾರಿಡಾರಿಗೆ ಉರುಳಿದೆ.

ಇದು ಅದೃಷ್ಟ. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಇದನ್ನೇ ಆ ಪ್ರೊಫೆಸರ್ ಕೈಗೆ ಕೊಟ್ಟು ನೋಡಿ, "ಬೀಳುವ ಕಲೆ" ಎಂದು ಮೂರು ತಿಂಗಳ ಕೋರ್ಸ್ ಮಾಡಿ ಮಾರುತ್ತಾನೆ!

ಪ್ರೊಫೆಸರ್ ಯಾರು ಅಂತೀರಾ? ಕಾಲೇಜಿನ ಗೇಟು ಕೂಡ ದಾಟದ ಆಸಾಮಿ. ಆನ್‌ಲೈನ್ ಪೋಕರ್ ಕಲಿಸುತ್ತಾನೆ. ಕೋಟು, ಕನ್ನಡಕ, ಹಿಂದೆ ಬಾಡಿಗೆಗೆ ತಂದ ಪುಸ್ತಕಗಳು. "ಅದೃಷ್ಟ ಎಂಬುದು ಸೋಮಾರಿಗಳ ಮಾತು! ಪೋಕರ್ ಅಂದ್ರೆ ನೂರಕ್ಕೆ ನೂರು ಸ್ಕಿಲ್!" ಎಂದು ಮೇಜು ಗುದ್ದುತ್ತಾನೆ. ಸಾವಿರಾರು ಕುರಿಗಳು ತಲೆಯಾಡಿಸುತ್ತವೆ. ಆಮೇಲೆ ಅವನದೇ ಟೇಬಲ್‌ನಲ್ಲಿ ಕೂತು ಉಣ್ಣೆ ಬಿಚ್ಚಿ ಕೊಡುತ್ತವೆ.

ಅಂಥ ಒಂದು ಕುರಿ ನನ್ನ ಭಾವ.

ಭಾವ ಕಟ್ಟುಹಲ್ಲು ಮಾಡುವವರು. ಡೆಂಟಿಸ್ಟುಗಳು ಅಚ್ಚು ಕಳಿಸುತ್ತಾರೆ, ಇವರು ಮೇಣ, ಪ್ಲಾಸ್ಟರ್ ಹಿಡಿದು ಹಲ್ಲು ಕೂರಿಸುತ್ತಾರೆ. ಕೈ ಚಿನ್ನದಂಥದ್ದು. ತಲೆಯ ಬಗ್ಗೆ ಅಕ್ಕನ ಮುಂದೆ ಮಾತಾಡದಿರುವುದೇ ಒಳ್ಳೆಯದು.

ಬೆಳಿಗ್ಗೆ ಅಕ್ಕ ನನ್ನ ಬಾಗಿಲು ಬಡಿದಿದ್ದಳು.

"ಅವರನ್ನ ಎತ್ಕೊಂಡ್ ಹೋದ್ರು ಕಣೋ! ಹಲ್ಲಿನ ಅಚ್ಚು ಇನ್ನೂ ಒಣಗಿಲ್ಲ, ಹಂಗೇ ಮೇಜಿನ ಮೇಲಿದೆ... ಇವತ್ತಿನ ಕ್ಲಾಸ್ ಮುಗಿಯೋದ್ರೊಳಗೆ ಬಾಯಿ ಬಿಡದಿದ್ರೆ ಕೈಬೆರಳು ಮುರಿತಾರಂತೆ! ಬೆರಳು ಹೋದ್ರೆ ಅವರ ಹತ್ರ ಇನ್ನೇನೋ ಇದೆ?"

"ಏನ್ ಮಾಡಿದ್ರು ಭಾವ?"

"ಗೆದ್ರು!" ಅಕ್ಕ ಅಳುತ್ತಲೇ ಕಿರುಚಿದಳು. "ಜೀವಮಾನದಲ್ಲಿ ಒಂದೇ ಒಂದು ಸಲ ಗೆದ್ರು ನೋಡು, ಅದಕ್ಕೆ!"

ನಡೆದದ್ದು ಇಷ್ಟು. ಪೋಕರ್‌ನಲ್ಲಿ ಪ್ರತಿಯೊಬ್ಬನಿಗೂ ಎರಡು ಗುಟ್ಟಿನ ಕಾರ್ಡು. ಭಾವನ ಕೈಯಲ್ಲಿ ಕಸ. ಪ್ರೊಫೆಸರನ ಕೈಯಲ್ಲಿ ಅದಕ್ಕಿಂತ ಕಡೆಯ ಕಸ. ಆದರೂ ಅವನು ಇದ್ದಬದ್ದದ್ದೆಲ್ಲ ಮುಂದೆ ತಳ್ಳಿ ಹೆದರಿಸಿದ. ಭಾವ ಹೆದರಿದರು. ಆಟ ಬಿಡುವ ಬಟನ್ ಒತ್ತಲು ಹೋದರು. ಹೆಬ್ಬೆರಳಲ್ಲಿ ಹಸಿ ಪ್ಲಾಸ್ಟರ್! ಬೆರಳು ಜಾರಿ, ಆಟ ಮುಂದುವರಿಸುವ ಪಕ್ಕದ ಬಟನ್ ಒತ್ತಿತು. ಕಾರ್ಡು ತೆರೆದಾಗ ಭಾವನ ಕಸವೇ ದೊಡ್ಡದು!

ಕಾಗೆ ಕೂತಿತು, ಕೊಂಬೆ ಮುರಿಯಿತು. ಅಷ್ಟೇ.

ಪ್ರೊಫೆಸರ್ ಒಪ್ಪಲಿಲ್ಲ. ಅಂಥ ಕಸ ಇಟ್ಟುಕೊಂಡು ಯಾವನೂ ಮುಂದುವರಿಯುವುದಿಲ್ಲ, ಎದುರಾಳಿಯ ಕಾರ್ಡು ಕಂಡರೆ ಮಾತ್ರ ಮುಂದುವರಿಯುತ್ತಾನೆ ಎಂಬುದು ಅವನ ವಾದ.

ಆನ್‌ಲೈನ್ ಟೇಬಲ್‌ಗಳಲ್ಲಿ ಕಳ್ಳರನ್ನು ಹಿಡಿಯುವುದು ನನ್ನ ಕಸುಬು. ಆ ವಾದ ಕೇಳಿದ ತಕ್ಷಣ ನನ್ನ ಮೂಗು ಅರಳಬೇಕಿತ್ತು. ಅರಳಲಿಲ್ಲ. ಹೊಸ ವಿದ್ಯಾರ್ಥಿ ಎಂದು ಹೇಳಿಕೊಂಡು ಐದನೇ ಮಹಡಿಯ ಅವನ ಸ್ಟುಡಿಯೋ ಒಳಗೆ ನುಗ್ಗಿದೆ. ಭಾವನ ಮೊಬೈಲ್ ಗೂಳಿಯ ಕೈಯಲ್ಲಿತ್ತು. ಅದರ ವಾಲ್‌ಪೇಪರ್‌ನಲ್ಲಿ ಅಕ್ಕ, ಅಕ್ಕನ ಪಕ್ಕ ಹಲ್ಲು ಕಿರಿಯುತ್ತಿರುವ ನಾನು! ಮುಂದಿನದ್ದು ನಿಮಗೆ ಗೊತ್ತೇ ಇದೆ.

ಮೆಟ್ಟಿಲ ಮೇಲೆ ಧಡ್ ಧಡ್ ಧಡ್... ಗೂಳಿ ಇಳಿಯುತ್ತಿದ್ದ.

ಕುಂಟುತ್ತಲೇ ಓಡಿದೆ. ಮೊದಲ ಬಾಗಿಲು ಬೀಗ. ಎರಡನೆಯದ್ದೂ ಬೀಗ! ಮೂರನೆಯದು ತೆರೆಯಿತು. ಒಳಗೆ ನುಗ್ಗಿ ಬಾಗಿಲಿಗೆ ಬೆನ್ನು ಕೊಟ್ಟೆ. ಗೂಳಿಯ ಹೆಜ್ಜೆ ಸದ್ದು ಕೆಳಗಿನ ಮಹಡಿಗೆ ಇಳಿಯಿತು.

ಹೆಡ್‌ಫೋನ್ ಹಾಕಿಕೊಂಡ ಹೆಂಗಸೊಬ್ಬಳು ಕಂಪ್ಯೂಟರ್ ಮುಂದೆ ಕೂತಿದ್ದಳು. ಪ್ರೊಫೆಸರನ ಪಾಠದ ವಿಡಿಯೋಗಳನ್ನು ಎಡಿಟ್ ಮಾಡುವವಳು. ನನ್ನ ಹರಿದ ಅಂಗಿ ನೋಡಿದಳು.

"ಫೀಸ್ ಕಟ್ಟಿಲ್ವಾ?" ಎಂದಳು.

ನನ್ನ ಕಣ್ಣು ಅವಳ ಪರದೆಗೆ ಅಂಟಿತ್ತು. ಪ್ರೊಫೆಸರನ ಕೈಯಲ್ಲಿ ಎರಡು ರಾಜ. ಅದಕ್ಕಿಂತ ದೊಡ್ಡ ಜೋಡಿ ಒಂದೇ, ಎರಡು ಎಕ್ಕ. ಅದು ಎದುರಾಳಿಗೆ ಬರುವುದು ಎಲ್ಲೋ ಅಪರೂಪಕ್ಕೆ. ಈ ಮಹಾನುಭಾವ ಗಡ್ಡ ಕೆರೆದ, ಕಣ್ಣು ಮುಚ್ಚಿದ... ರಾಜರನ್ನು ಮೊದಲ ಸುತ್ತಲ್ಲೇ ಎಸೆದುಬಿಟ್ಟ! ಎದುರಾಳಿ ಕಾರ್ಡು ತೋರಿಸಿದ. ಎರಡು ಎಕ್ಕ!

"ಇದೇ ನೋಡಿ ಅವರ ಫೇಮಸ್ ಪಾಠ," ಎಂದಳು ಎಡಿಟರ್.

"ಇಂಥವು ಇನ್ನೂ ಇದಾವಾ?"

"ಬೇಕಾದಷ್ಟು."

ಒಂದಾದ ಮೇಲೊಂದು ಹಾಕಿಸಿದೆ. ಪ್ರತಿ ಸಲವೂ ಸರಿ! ಎಸೆದದ್ದೂ ಸರಿ, ಹಿಡಿದದ್ದೂ ಸರಿ.

ನನಗೆ ನಗು ಬಂತು. ಅಸಹ್ಯವೂ ಆಯಿತು. ನಾನು ನಿಜವಾದ ಆಟಗಾರರನ್ನು ಕಂಡಿದ್ದೇನೆ. ಅವರು ಸೋಲುತ್ತಾರೆ! ಎಲ್ಲ ಸರಿಯಾಗಿ ಆಡಿ, ಕೊನೆಯ ಕಾರ್ಡಿಗೆ ಯಾವನೋ ದಡ್ಡನ ಎದುರು ಮಣ್ಣು ಮುಕ್ಕುತ್ತಾರೆ. ಒಂದು ಆಟ ಅದೃಷ್ಟದ್ದು, ಸಾವಿರ ಆಟ ಸ್ಕಿಲ್‌ನದ್ದು. ಸಾವಿರದಲ್ಲೂ ಎಡವದವನು ಜಾಣನಲ್ಲ, ಕಳ್ಳ! ಬೇರೆ ಕಳ್ಳರು ಕದ್ದ ಮಾಲು ಬಚ್ಚಿಡುತ್ತಾರೆ. ಈ ಮುಠ್ಠಾಳ ಅದನ್ನೇ ಪಾಠ ಮಾಡಿ ಅಪ್‌ಲೋಡ್ ಮಾಡಿದ್ದ. ಹಣ ಸಾಲದು ಇಂಥವರಿಗೆ, ಚಪ್ಪಾಳೆಯೂ ಬೇಕು.

"ಎಡಿಟ್ ಮಾಡೋಕ್ ಮುಂಚಿನ ವಿಡಿಯೋ ಇದ್ಯಾ?"

"ಇದೆ. ಎಡಗಡೆ ಇನ್ನೊಂದು ಮಾನಿಟರ್ ಬರುತ್ತೆ, ಅದನ್ನ ಕ್ರಾಪ್ ಮಾಡು ಅಂತಾರೆ. ಸ್ಟೂಡೆಂಟ್ಸ್ ಸ್ಕ್ರೀನಂತೆ. ಅವರ ಫೋನಿಗೆ ಫ್ರೀ ಪ್ರಾಕ್ಟೀಸ್ ಆ್ಯಪ್ ಹಾಕಿಸ್ತಾರಲ್ಲ... ನಂಗೆ ಪೋಕರ್ ಬರಲ್ಲಪ್ಪ."

ಫ್ರೀ ಆ್ಯಪ್! ಅದರಿಂದಲೇ ಶಿಷ್ಯರ ಫೋನಿನೊಳಗೆ ಇಣುಕುತ್ತಿದ್ದ! ತಾನು ಕಳ್ಳ, ಪರರ ನಂಬ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಎಲ್ಲರ ಕಾರ್ಡು ಕದ್ದು ನೋಡುವವನಿಗೆ, ಭಾವನೂ ಕದ್ದು ನೋಡಿದ ಎಂಬ ಗುಮಾನಿ!

ಬಾಗಿಲು ಒದೆತಕ್ಕೆ ತೆರೆದುಕೊಂಡಿತು. ನಾನು ಗೋಡೆಗೆ ಹೋಗಿ ಅಪ್ಪಳಿಸಿದೆ. ಗೂಳಿಯ ಕೈ ಮತ್ತೆ ನನ್ನ ಕುತ್ತಿಗೆಗೆ...

ಅಲ್ಲೇ ನಿಂತಿತು. ಅವನೂ ಪರದೆ ನೋಡುತ್ತಿದ್ದ. ರಾಜರನ್ನು ಎಸೆಯುವ ಪಾಠ ಅದರಲ್ಲಿ ಮತ್ತೆ ಓಡುತ್ತಿತ್ತು.

"ಆ ಎಕ್ಕದ ಜೋಡಿ ನಂದು," ಎಂದ.

"ಏನು?"

"ಸಾರ್ ರಾಜ ಎಸೆದ್ರಲ್ಲ... ಎದುರಿಗೆ ಕೂತಿದ್ದೋನು ನಾನು. ನಂಗೆ ಅಂಥ ಕೈ ಬಂದಿದ್ದು ಅದೊಂದೇ ಸಲ. ಅವತ್ತೇ ಅಂದ್ಕೊಂಡೆ, ಇವರು ದೇವರು ಅಂತ. ಜಿಮ್ ಕೆಲಸ ಬಿಟ್ಟು ಇವರ ಹಿಂದೆ ಬಂದೆ."

"ಗಂಟಲು ಬಿಡು. ನಿನ್ ದೇವರಿಗೆ ಅವತ್ತು ದಿವ್ಯದೃಷ್ಟಿ ಎಲ್ಲಿಂದ ಬಂತು ಅಂತ ತೋರಿಸ್ತೀನಿ. ಐದನೇ ಮಹಡಿಗೆ ಬಾ."

"ಸುಳ್ಳಾದ್ರೆ?"

"ಲಿಫ್ಟ್ ಬಾವಿ ಎಲ್ಲೂ ಹೋಗಲ್ವಲ್ಲ!"

ಅವನು ಬಂದ. ನನ್ನ ತೋಳು ಮಾತ್ರ ಬಿಡಲಿಲ್ಲ.

ಸ್ಟುಡಿಯೋದಲ್ಲಿ ಲೈವ್ ಕ್ಲಾಸ್ ನಡೆಯುತ್ತಿತ್ತು. ಪ್ರೊಫೆಸರ್ ಶಿಷ್ಯರ ಜೊತೆ ಆಡುತ್ತಲೇ ಪಾಠ ಹೇಳುತ್ತಿದ್ದ. ಮೂಲೆಯಲ್ಲಿ, ಕ್ಯಾಮೆರಾಗೆ ಕಾಣದ ಕಡೆ, ನನ್ನ ಭಾವ. ಬಾಯಿಗೆ ಟೇಪು. ಎರಡೂ ಕೈ ಮೇಜಿಗೆ ಬಿಗಿದಿದ್ದರು. ಪಕ್ಕದಲ್ಲಿ ಸುತ್ತಿಗೆ. ಅಕ್ಕನ ಮುಖ ಕಣ್ಣ ಮುಂದೆ ಬಂತು.

ಪ್ರೊಫೆಸರ್ ನನ್ನನ್ನು ನೋಡಿದ. ನಗು ಕದಲಲಿಲ್ಲ.

"ಗೆಳೆಯರೇ, ಅದೃಷ್ಟವನ್ನು ನಂಬುವವರು..."

ನಾನು ಅವನ ಹತ್ತಿರ ಹೋಗಲಿಲ್ಲ. ಕ್ಯಾಮೆರಾ ಹತ್ತಿರ ಹೋದೆ. ಸ್ಟ್ಯಾಂಡಿನ ಹಿಡಿ ಹಿಡಿದು ಎಡಕ್ಕೆ ತಿರುಗಿಸಿದೆ!

ಎರಡನೇ ಮಾನಿಟರ್ ಫ್ರೇಮಿನೊಳಗೆ ಬಂತು. ಅದರಲ್ಲಿ ಸಾಲು ಸಾಲಾಗಿ ಶಿಷ್ಯರ ಫೋನುಗಳು. ಪ್ರತಿ ಫೋನಿನಲ್ಲೂ ಎರಡು ಗುಟ್ಟಿನ ಕಾರ್ಡು. ಅಂಗಡಿಯಲ್ಲಿ ಜೋಡಿಸಿಟ್ಟ ಹಾಗೆ!

"ನೋಡ್ಕೊಳ್ರಪ್ಪಾ!" ಎಂದು ಕೂಗಿದೆ. "ನಿಮ್ ನಿಮ್ ಕಾರ್ಡು ನೀವೇ ಗುರ್ತು ಹಿಡೀರಿ!"

ಕಾಮೆಂಟುಗಳು ಉಕ್ಕಿದವು. ಅಯ್ಯೋ ಅದು ನಂದು! ನಂದೂ ಇದೆ! ಕಳ್ಳ! ಮುಂದಿನವು ಅಚ್ಚಿಗೆ ಹೋಗುವಂಥವಲ್ಲ.

ಪ್ರೊಫೆಸರನ ಬಣ್ಣ ಇಳಿಯಿತು. "ಅದು... ಅದು ಬೋಧನೆಗೆ... ಲೇ ಗೂಳಿ! ಏನ್ ನೋಡ್ತಾ ನಿಂತಿದೀಯಾ? ಎಳೆದು ಹಾಕೋ ಇವನನ್ನ! ಅವನ ಬೆರಳು ಮುರಿ!"

ಗೂಳಿ ಸುತ್ತಿಗೆ ಎತ್ತಿಕೊಂಡ.

ಈ ತಲೆಯೊಳಗೆ ಯಾವುದು ಗೆಲ್ಲುತ್ತದೆ, ಕಣ್ಣಾರೆ ಕಂಡದ್ದೋ ಇಷ್ಟು ದಿನದ ಭಕ್ತಿಯೋ? ಅದನ್ನು ಲೆಕ್ಕ ಹಾಕುವ ಸ್ಕಿಲ್ ನನ್ನ ಹತ್ತಿರವೂ ಇರಲಿಲ್ಲ.

"ಸಾರ್," ಎಂದ ಗೂಳಿ. ದನಿ ತಗ್ಗಿತ್ತು. "ಅವತ್ತು ನನ್ನ ಎಕ್ಕ ನಿಮಗೆ ಹೆಂಗ್ ಗೊತ್ತಾಯ್ತು?"

"ಸ್ಕಿಲ್ ಕಣೋ!"

ಗೂಳಿ ಒಂದು ಹೆಜ್ಜೆ ಮುಂದಿಟ್ಟ. ಎರಡನೇ ಮಾನಿಟರ್‌ಗೆ ಸುತ್ತಿಗೆಯಿಂದ ಒಂದೇ ಏಟು! ಗಾಜು ಚೆಲ್ಲಾಡಿತು.

"ಹೆಂಗ್ ಗೊತ್ತಾಯ್ತು ಸಾರ್?"

ಪ್ರೊಫೆಸರ್ ಗೋಡೆಗೆ ಅಂಟಿಕೊಂಡ. ಸಾವಿರಾರು ಶಿಷ್ಯರು ನೋಡುತ್ತಿದ್ದಾರೆ. ಕನ್ನಡಕ ಮೂಗಿನ ತುದಿಗೆ ಬಂದಿದೆ.

"ಅ... ಅದೃಷ್ಟ ಕಣೋ! ಅವತ್ತು ಬರೀ ನನ್ನ ಅದೃಷ್ಟ!"

ನೂರಕ್ಕೆ ನೂರು ಸ್ಕಿಲ್ ಎಂದು ಮೇಜು ಗುದ್ದಿದ ಬಾಯಿ ಅದು! ಉಗಿಯೋಣ ಎನಿಸಿತು. ಉಗುಳು ದಂಡವಾಗುತ್ತದೆ ಎಂದು ಸುಮ್ಮನಾದೆ.

ಗೂಳಿ ಅವನ ಕೋಟಿನ ಕಾಲರ್ ಹಿಡಿದ. ಒಳ್ಳೆಯ ಬಟ್ಟೆ, ನನ್ನ ಅಂಗಿಯ ಹಾಗೆ ಹರಿಯಲಿಲ್ಲ. ಲೈವ್ ಇನ್ನೂ ಓಡುತ್ತಿತ್ತು. ಪೊಲೀಸರಿಗೆ ಫೋನ್ ಮಾಡಿದೆವು ಎಂದು ಹತ್ತಾರು ಶಿಷ್ಯರು ಬರೆದಿದ್ದರು. ನಾನು ಭಾವನ ಕೈ ಬಿಚ್ಚಿದೆ, ಟೇಪು ಕಿತ್ತೆ, ರಟ್ಟೆ ಹಿಡಿದು ಮೆಟ್ಟಿಲು ಇಳಿಸಿದೆ. ಬೆರಳು ಹತ್ತೂ ನೆಟ್ಟಗಿದ್ದವು.

ಕಾರಿನಲ್ಲಿ ಕೂತ ಮೇಲೆ ಅಕ್ಕನಿಗೆ ಫೋನ್ ಮಾಡಿದೆ.

"ಸಿಕ್ಕಿದ್ರು. ಕರ್ಕೊಂಡ್ ಬರ್ತಿದೀನಿ."

"ಕೈ?"

"ಚೆನ್ನಾಗಿದೆ."

ಆ ಕಡೆ ಅಕ್ಕ ಗೊಳೋ ಎಂದು ಅತ್ತಳು. ನಾನೂ ಕಣ್ಣು ಒರೆಸಿಕೊಂಡೆ. ಸುಳ್ಳು ಯಾಕೆ ಹೇಳಲಿ?

ಎರಡು ಬೀದಿ ದಾಟಿದ ಮೇಲೆ ಭಾವ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿಕೊಂಡರು. ಗಂಟಲು ಸರಿಮಾಡಿಕೊಂಡರು.

"ಒಂದ್ ವಿಷ್ಯ ಹೇಳ್ಲಾ? ನಿಮ್ಮಕ್ಕನಿಗೆ ಹೇಳಬೇಡ."

"ಹೇಳಿ ಭಾವ."

"ಅವತ್ತು ಬೆರಳು ಜಾರಿದ್ದೇನೋ ನಿಜ. ಆದ್ರೆ ಅವನು ಬರೀ ಹೆದರಿಸ್ತಿದಾನೆ ಅಂತ ನಂಗೆ ಒಳಗೊಳಗೇ ಗೊತ್ತಿತ್ತು ಕಣೋ. ಅದೊಂಥರಾ... ಸ್ಕಿಲ್ಲು. ಈಗ ಅವನ ಶಿಷ್ಯರೆಲ್ಲ ಪಾಪ, ಗುರು ಇಲ್ಲದೆ ಕೂತಿರ್ತಾರೆ. ನಾನೇ ಒಂದು ಕ್ಲಾಸ್ ಶುರು ಮಾಡಿದ್ರೆ ಹೆಂಗೆ?"

ಕಾರನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದೆ. ಅಕ್ಕ ಕೇಳಿದ್ದು ಬೆರಳಿನ ಬಗ್ಗೆ ಮಾತ್ರ. ಹಲ್ಲಿನ ವಿಷಯ ಅವಳು ಎತ್ತಿರಲಿಲ್ಲ, ಉದುರಿದರೂ ಹೇಗೂ ಹೊಸದನ್ನು ಭಾವ ತಾವೇ ಮಾಡಿಕೊಳ್ಳುತ್ತಾರೆ!