ಕೈಯಿಂದ ಒಲಿದವರು

ಗುರುವಾರ ಬೆಳಿಗ್ಗೆ ಅತ್ತೆ ಪತ್ರಿಕೆ ಬಿಡಿಸಿದ ಕೂಡಲೇ ಒಳಗಿನಿಂದ ಗುಲಾಬಿ ಬಣ್ಣದ ಕರಪತ್ರವೊಂದು ಅವರ ಮಡಿಲಿಗೆ ಜಾರಿತು. ಎತ್ತಿ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಇದು ನಿಂದಲ್ವೇನೇ?"

ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು ನೋಡಿದೆ.

'ಕಾಲಕ್ಕೆ ತಕ್ಕಂತೆ ಅಲ್ಲ, ಕಾಲಿಗೆ ತಕ್ಕಂತೆ.'

ನನ್ನದೇ. ಹದಿನೇಳು ಸಲ ಬರೆದು ಹೊಡೆದು ಹಾಕಿ, ಹದಿನೆಂಟನೆಯ ಸಲ ಸಿಕ್ಕಿದ ಸಾಲು. ಆದರೆ ನಾನದನ್ನು ಬರೆದದ್ದು ನಮ್ಮ ಬೀದಿಯ ಬೂಟಿನಂಗಡಿಯ ಯಜಮಾನರಿಗೆ. ಅವರ ಕರಪತ್ರ ಇವತ್ತು ಸಂಜೆ ಅಚ್ಚಾಗಿ ನಾಳೆ ಹಂಚಬೇಕಿತ್ತು. ಈ ಗುಲಾಬಿ ಕಾಗದದ ತಳದಲ್ಲಿದ್ದದ್ದು ಪಕ್ಕದ ಬೀದಿಯಲ್ಲಿ ಹೊಸದಾಗಿ ತೆರೆದ ದೊಡ್ಡ ಶೋರೂಮಿನ ಹೆಸರು.

ಸಣ್ಣ ಅಂಗಡಿಗಳಿಗೆ ಮಾರಾಟದ ಮಾತು ಬರೆದುಕೊಡುವುದು ನನ್ನ ಕಸುಬು. ಆಫೀಸಿಲ್ಲ, ಬೋರ್ಡಿಲ್ಲ. ಒಂದು ಅಂಗಡಿಯವರು ಇನ್ನೊಂದು ಅಂಗಡಿಗೆ ಹೇಳಿದರೆ ಕೆಲಸ ಬರುತ್ತದೆ. ಹೇಳುವುದು ನಿಂತರೆ ಕೆಲಸವೂ ನಿಲ್ಲುತ್ತದೆ.

ಫೋನು ಹೊಡೆದುಕೊಂಡಿತು. ವರ್ತಕರ ಸಂಘದ ಅಧ್ಯಕ್ಷರು.

"ಒಂದೇ ಮಾತನ್ನ ಇಬ್ಬರಿಗೆ ಮಾರಿದ್ದೀರಿ, ಮೇಡಂ."

"ಮಾರಿಲ್ಲ."

"ನೋಡ್ಕೊಂಡು ಮಾತಾಡಿ. ನನ್ನ ಫೋನಲ್ಲಿ ಆಡಿದ್ದೆಲ್ಲಾ ತಾನಾಗೇ ರೆಕಾರ್ಡ್ ಆಗುತ್ತೆ."

"ಒಳ್ಳೇದಾಯ್ತು. ಇನ್ನೊಂದು ಸಲ ಹೇಳ್ತೀನಿ, ಕೇಳಿ. ಮಾರಿಲ್ಲ."

"ಸಂಜೆ ನಾಲ್ಕಕ್ಕೆ ಸಂಘದ ಆಫೀಸಿಗೆ ಬಂದು ತಪ್ಪೊಪ್ಪಿಕೊಂಡ್ರೆ ಸರಿ. ಇಲ್ದಿದ್ರೆ ಈ ಬೀದಿಯ ಒಂದಂಗಡಿಯೂ ನಿಮಗೆ ಕೆಲಸ ಕೊಡಲ್ಲ. ನನ್ನ ಮಗ ಹೇಗೂ ಜಾಹೀರಾತಿನ ಆಫೀಸು ತೆರೆದಿದ್ದಾನೆ."

ನನಗೆ ಮೈಯೆಲ್ಲ ಉರಿಯಿತು. ಮಾಡದ ತಪ್ಪಿಗೆ ಕೈಮುಗಿಯುವ ಜಾಯಮಾನ ನನ್ನದಲ್ಲ. ಅತ್ತೆಯದಂತೂ ಮೊದಲೇ ಅಲ್ಲ. ಅವರು ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಪ್ರೂಫ್ ನೋಡಿದವರು. ನನ್ನ ಮದುವೆಯ ಆಹ್ವಾನ ಪತ್ರಿಕೆಯಲ್ಲೂ ಮೂರು ತಪ್ಪು ಹಿಡಿದು ಬೀಗರಿಗೆ ವಾಪಸು ಕಳಿಸಿದ್ದರು. ಆ ಬೀಗರೆಂದರೆ ನನ್ನ ಅಪ್ಪ.

"ಇದರಲ್ಲಿ ನಿಂದಲ್ಲದ್ದು ಏನಾದ್ರೂ ಇದೆಯಾ?" ಎಂದರು ಅತ್ತೆ, ಕೆಂಪು ಪೆನ್ಸಿಲ್ ಹುಡುಕುತ್ತ.

ಸಾಲುಸಾಲಾಗಿ ನೋಡಿದೆ. "ಎರಡು ಕಡೆ. ನಾನು 'ಪ್ರತಿ ಜೊತೆಯನ್ನೂ ಕೈಯಿಂದ ಹೊಲಿದು ಕೊಡುತ್ತೇವೆ' ಅಂತ ಬರೆದಿದ್ದೆ. ಇಲ್ಲಿ 'ಒಲಿದು ಕೊಡುತ್ತೇವೆ' ಅಂತಿದೆ. ಆಮೇಲೆ ಮೊದಲನೇ ಸಾಲಿನ ಕೆಳಗೆ ಒಂದು ಸಾಲು ಸೇರಿಸಿದ್ದಾರೆ — 'ಇನ್ನೊಂದು ಸಲ ಹೇಳುತ್ತೇವೆ, ಕೇಳಿ.' ಅದಾದ್ಮೇಲೆ ಮೊದಲನೇ ಸಾಲೇ ಮತ್ತೆ ಬರುತ್ತೆ."

ಅತ್ತೆ ಎರಡಕ್ಕೂ ಸುತ್ತು ಹಾಕಿದರು. "ಚಪ್ಪಲಿ ಹಾಕ್ಕೋ. ಹೊರಡೋಣ."

*

ಮೊದಲು ಪ್ರೆಸ್ಸು. ಬರಹ ಇದ್ದದ್ದು ಎರಡೇ ಕಡೆ. ನನ್ನ ಕೈಬರಹದ ಹಾಳೆ ಯಜಮಾನರ ಅಳಿಯನ ಕೈಗೆ ಹೋಗಿತ್ತು. ಅಳಿಯ ಅದನ್ನು ಮಂಗಳವಾರ ಪ್ರೆಸ್ಸಿಗೆ ತಂದುಕೊಟ್ಟಿದ್ದ. ನನಗೆ ಇಬ್ಬರ ಮೇಲೂ ಅನುಮಾನವಿತ್ತು, ಪ್ರೆಸ್ಸಿನವನ ಮೇಲೆ ಸ್ವಲ್ಪ ಹೆಚ್ಚು.

"ನೀವೂ ಹೀಗಂದ್ರೆ ಹೇಗೆ ಮೇಡಂ?" ಎಂದು ಅವನು ಮುಖ ಊದಿಸಿಕೊಂಡು ಕರಡನ್ನು ಮುಂದೆ ತಳ್ಳಿದ. "ಇಕೊಳ್ಳಿ, ನಾನು ಟೈಪ್ ಮಾಡಿದ್ದು."

ಅತ್ತೆ ಓದಿದರು. 'ನಲವತ್ತು ಮರ್ಷಗಳಿಂದ ನಿಮ್ಮ ಸೇವೆಯಲ್ಲಿ.'

"ಮರ್ಷ ಅಂದ್ರೇನಪ್ಪಾ?"

"ಇವರು 'ವ' ಬರೆದ್ರೆ 'ಮ' ಥರಾನೇ ಕಾಣುತ್ತೆ. ನಾನೇನು ಮಾಡ್ಲಿ?"

"ಈ ಗುಲಾಬಿ ಕಾಗದದಲ್ಲಿ ವರ್ಷ ಸರಿಯಾಗಿದೆ. ಮೊನ್ನೆ ತೆರೆದ ಅಂಗಡಿಗೆ ನಲವತ್ತು ವರ್ಷ ಅನ್ನೋದೊಂದು ಬಿಟ್ರೆ."

"ಹಾಗಾದ್ರೆ ಅದನ್ನ ಟೈಪ್ ಮಾಡಿದೋನ ಕಣ್ಣು ಚೆನ್ನಾಗಿರಬೇಕು," ಎಂದ ಪ್ರೆಸ್ಸಿನವನು.

ಅತ್ತೆ ನಕ್ಕರು. 'ಮರ್ಷ'ಕ್ಕೂ ಒಂದು ಕೆಂಪು ಸುತ್ತು ಹಾಕಿದರು.

*

ಬೂಟಿನಂಗಡಿಯಲ್ಲಿ ಯಜಮಾನರು ನನ್ನ ಮುಖ ನೋಡಲಿಲ್ಲ. ಮಂಡಿಯ ನಡುವೆ ಒಂದು ಬೂಟು ಸಿಕ್ಕಿಸಿಕೊಂಡು, ದಾರಕ್ಕೆ ಮೇಣ ಹಚ್ಚುತ್ತ ಕುಳಿತಿದ್ದರು.

"ನಿನ್ನ ನಂಬಿದ್ದೆ ಕಣಮ್ಮಾ."

ಆ ಮಾತು ಅಧ್ಯಕ್ಷರ ಬೆದರಿಕೆಗಿಂತ ಹೆಚ್ಚು ಚುಚ್ಚಿತು. ಏನೋ ಹೇಳಹೊರಟೆ. ಅತ್ತೆ ತಡೆದರು.

"ಆ ಹಾಳೆ ನಿಮ್ಮ ಅಳಿಯಂದಿರ ಹತ್ರ ಎಷ್ಟು ಹೊತ್ತಿತ್ತು?"

"ಒಂದು ರಾತ್ರಿ," ಎಂದ ಅಳಿಯ ಒಳಗಿನಿಂದ, ಕೋಪದಲ್ಲಿ. "ನಾನು ಕೊಟ್ಟೆ ಅಂತಾನಾ? ನಾನು ಈ ಮನೆ ಅಳಿಯ. ನನ್ನ ಅನ್ನಕ್ಕೆ ನಾನೇ ಮಣ್ಣು ಹಾಕ್ಕೋತೀನಾ?"

"ನೀವು ಕೊಟ್ಟಿಲ್ಲ ಅಂತ ಗೊತ್ತು. ಕೂತ್ಕೊಳ್ಳಿ." ಅತ್ತೆ ಯಜಮಾನರ ಕಡೆ ತಿರುಗಿದರು. "ಸೋಮವಾರ ನಮ್ಮ ಸೊಸೆ ನಿಮಗೆ ಓದಿ ಹೇಳಿದ್ಲಂತೆ?"

ಹೌದು, ಅದು ನನ್ನ ಪದ್ಧತಿ. ಮೊದಲು ಹಾಳೆ ಕೊಡುವುದಿಲ್ಲ. ಗಿರಾಕಿಯನ್ನು ಕಣ್ಣು ಮುಚ್ಚಿ ಕೂರಿಸಿ, ಎದುರು ನಿಂತು ಗಟ್ಟಿಯಾಗಿ ಓದುತ್ತೇನೆ. ಕಿವಿಗೆ ಹಿಡಿಸದ ಮಾತು ಅಂಗಡಿಗೆ ಜನ ತರುವುದಿಲ್ಲ.

"ಹೇಳಿದ್ಲು. ಹನ್ನೊಂದು ಗಂಟೆ ಇರಬಹುದು."

"ಯಾರ್ಯಾರಿದ್ರು?"

"ನಾವಿಬ್ಬರೇ. ಅಳಿಯ ತೊಗಲು ತರೋಕೆ ಹೋಗಿದ್ದ. ಇವಳು ಬಂದ್ಲು ಅಂತ ಫೋನ್ ಮೇಜಿನ ಮೇಲಿಟ್ಟು, ಕಣ್ಮುಚ್ಚಿ ಕೇಳಿದೆ."

"ಪೂರ್ತಿ ಕೇಳಿಸ್ತಾ?"

"ಎಲ್ಲಿ? ಮೊದಲನೇ ಸಾಲಿಗೇ ಹೊರಗೊಂದು ಲಾರಿ ಹಾರ್ನ್ ಹೊಡೀತು. ಇವಳು ಮತ್ತೆ ಓದಿದ್ಲು."

"ನಿಮ್ಮ ಫೋನ್ ಒಂದ್ನಿಮಿಷ ಕೊಡ್ತೀರಾ?"

ಅತ್ತೆ ಅದನ್ನು ಕಣ್ಣಿಗೆ ಹತ್ತಿರ ಹಿಡಿದು, ಬೆರಳಿನಿಂದ ಮೇಲೆ ಕೆಳಗೆ ಸರಿಸಿ, ಏನನ್ನೋ ನೋಡಿ ವಾಪಸು ಕೊಟ್ಟರು.

"ನಾಲ್ಕು ಗಂಟೆಗೆ ನೀವೂ ಬನ್ನಿ. ಫೋನ್ ಮರೀಬೇಡಿ."

ದಾರಿಯಲ್ಲಿ ಕೇಳಿದೆ. "ಯಾರು, ಅತ್ತೆ?"

"ನಿನ್ನ ಮಾತನ್ನ ಕಣ್ಣಲ್ಲಿ ನೋಡದೇ ಇರೋನು," ಎಂದರು. ಅಷ್ಟೇ.

*

ಸಂಘದ ಆಫೀಸಿನಲ್ಲಿ ಹತ್ತು ಹನ್ನೆರಡು ಅಂಗಡಿಯವರು ಸೇರಿದ್ದರು. ಕಬ್ಬಿಣದ ಕುರ್ಚಿಗಳು. ಗೋಡೆಗೆ ಕಪ್ಪು ಬೋರ್ಡು. ಮೇಜಿನ ಹಿಂದೆ ಅಧ್ಯಕ್ಷರು, ಪಕ್ಕದಲ್ಲಿ ಅವರ ಮಗ.

"ತಪ್ಪಾಯ್ತು ಅಂತ ಒಂದು ಮಾತು ಹೇಳಿಬಿಡಿ, ಮೇಡಂ," ಎಂದರು ಅಧ್ಯಕ್ಷರು. "ನಮಗೂ ಮನೆಗೆ ಹೋಗ್ಬೇಕು."

"ಹೇಳಲ್ಲ. ನಾನು ಮಾರಿದ್ರೆ ನನ್ನ ಸಾಲನ್ನ ಹಾಳುಮಾಡಿ ಮಾರ್ತಿದ್ನಾ?" ಎಂದೆ.

"ಹಾಳೆಲ್ಲಿ? ಸುಧಾರಿಸಿದ್ದಾರೆ. ಅವರದು ರೆಡಿಮೇಡ್ ಬೂಟು, ಹೊಲಿಯೋದಿಲ್ಲ. ಅದಕ್ಕೇ 'ಒಲಿದು' ಅಂತ ತಿದ್ದಿದ್ದಾರೆ. 'ಇನ್ನೊಂದು ಸಲ ಹೇಳುತ್ತೇವೆ, ಕೇಳಿ' — ಎಂಥಾ ಸಾಲು ನೋಡಿ. ಅದು ನಿಮಗೆ ಹೊಳೀಲಿಲ್ಲ."

ಅತ್ತೆ ಎದ್ದು ನಿಂತರು.

"ಒಂದು ಪ್ರಶ್ನೆ, ಅಧ್ಯಕ್ಷರೇ. ಕೈಯಿಂದ ಯಾರಾದ್ರೂ ಒಲೀತಾರಾ?"

"ಏನು?"

"ಮನಸ್ಸಿಂದ ಒಲೀತಾರೆ. ಕೈಯಿಂದ ಹೊಲೀತಾರೆ. ಬೇಕಂತಲೇ ತಿದ್ದಿದೋರಾದ್ರೆ 'ಕೈಯಿಂದ' ಅನ್ನೋದನ್ನೂ ತೆಗೀತಿದ್ರು. ಇದು ತಿದ್ದಿದ್ದಲ್ಲ. ತಪ್ಪು."

ಅತ್ತೆ ಗುಲಾಬಿ ಕಾಗದವನ್ನು ಮೇಜಿನ ಮೇಲೆ ಹರಡಿದರು.

"ಪ್ರೂಫ್ ನೋಡೋರಿಗೆ ಎರಡು ಥರದ ತಪ್ಪು ಗೊತ್ತು. ಒಂದು ಕಣ್ಣಿನ ತಪ್ಪು. ಹಾಳೆ ನೋಡಿ ಟೈಪ್ ಮಾಡೋನು 'ವ'ನ 'ಮ' ಮಾಡ್ತಾನೆ. ನಮ್ಮ ಪ್ರೆಸ್ಸಿನವನು ಮಾಡಿದ್ದು ಅದೇ. ಇನ್ನೊಂದು ಕಿವಿಯ ತಪ್ಪು. ಒಬ್ಬರು ಓದಿ ಇನ್ನೊಬ್ಬರು ಬರ್ಕೊಂಡಾಗ ಆಗೋದು. ಹಾಳೆ ನೋಡಿದೋನಿಗೆ 'ಹೊ' ಎಷ್ಟೇ ಕೆಟ್ಟದಾಗಿ ಬರೆದ್ರೂ 'ಒ' ಆಗಲ್ಲ. ಕಿವಿಲಿ ಕೇಳಿದೋನಿಗೆ ಆಗುತ್ತೆ. ಮೇಜಿನ ಮೇಲೆ ಮಲಗಿರೋ ಫೋನಿನಲ್ಲಿ ಎಲ್ಲಕ್ಕಿಂತ ಮೊದಲು ಕಳೆದುಹೋಗೋದು ಆ ಉಸಿರೇ."

"ಫೋನ್?" ಎಂದರು ಯಜಮಾನರು.

"ನೀವು ಹೊಗಳಿದ ಆ ಸಾಲು, ಅಧ್ಯಕ್ಷರೇ, ಅದು ಬರಹದಲ್ಲೇ ಇಲ್ಲ. ಲಾರಿ ಹಾರ್ನ್ ಹೊಡೆದಾಗ ನಮ್ಮ ಸೊಸೆ ಯಜಮಾನರಿಗೆ ಹೇಳಿದ ಮಾತು. 'ಇನ್ನೊಂದು ಸಲ ಹೇಳ್ತೀನಿ, ಕೇಳಿ.' ದಿನಕ್ಕೆ ಹತ್ತು ಸಲ ಹೇಳ್ತಾಳೆ, ನನಗೂ ಹೇಳ್ತಾಳೆ. ಟೈಪ್ ಮಾಡಿದೋನು ಇದೂ ಜಾಹೀರಾತೇ ಅಂದ್ಕೊಂಡು, ವ್ಯಾಕರಣ ಸರಿಮಾಡಿ ಸೇರಿಸಿಬಿಟ್ಟ."

ನನಗೆ ಆಗ ನೆನಪಾಯಿತು. ಹೌದು, ಹೇಳಿದ್ದೆ. ನನ್ನ ಬಾಯಿಂದ ಬಂದ ಮಾತು ನನಗೇ ಗುರುತು ಸಿಕ್ಕಿರಲಿಲ್ಲ.

"ಯಜಮಾನರೇ, ಸೋಮವಾರ ಹನ್ನೊಂದಕ್ಕೆ ಯಾರ ಹತ್ರ ಮಾತಾಡ್ತಿದ್ರಿ?"

ಯಜಮಾನರು ನಿಧಾನವಾಗಿ ತಲೆ ಎತ್ತಿದರು. "ಅಧ್ಯಕ್ಷರ ಹತ್ರ. ಇವಳು ಬಂದಿದ್ದಾಳೆ, ಕರಪತ್ರ ಓದ್ತಾಳಂತೆ, ಆಮೇಲೆ ಮಾಡ್ತೀನಿ ಅಂದು ಇಟ್ಟೆ."

"ಎಷ್ಟು ಹೊತ್ತು ಮಾತಾಡಿದ್ರಿ?"

"ಎರಡು ನಿಮಿಷ."

"ನಿಮ್ಮ ಫೋನಲ್ಲಿ ಎಷ್ಟಿದೆ, ಗಟ್ಟಿಯಾಗಿ ಓದಿ."

ಅವರು ಫೋನನ್ನು ಕೈದೂರ ಹಿಡಿದು ಓದಿದರು. "ಹದಿನಾಲ್ಕು ನಿಮಿಷ."

"ನೀವು ಕಟ್ ಮಾಡೋಕೆ ಮರೆತ್ರಿ. ಆ ಕಡೆಯೋರು ಮರೀಲಿಲ್ಲ, ಬೇಕಂತಲೇ ಕಟ್ ಮಾಡದೆ ಬಿಟ್ರು. ಹನ್ನೆರಡು ನಿಮಿಷ ಕೂತು ಕೇಳಿದ್ರು. ಅವರ ಫೋನಲ್ಲಿ ಆಡಿದ್ದೆಲ್ಲಾ ತಾನಾಗೇ ರೆಕಾರ್ಡ್ ಆಗುತ್ತೆ. ಇವತ್ತು ಬೆಳಿಗ್ಗೆ ಅವರೇ ಹೇಳಿದ್ರು." ಅತ್ತೆ ಮೇಜಿನ ಹಿಂದಿನ ಯುವಕನನ್ನು ನೋಡಿದರು. "ನಿನಗೆ ಸಿಕ್ಕಿದ್ದು ಹಾಳೆಯೋ, ರೆಕಾರ್ಡಿಂಗೋ?"

ಮಗ ಅಪ್ಪನ ಕಡೆ ನೋಡಿದ. "ರೆಕಾರ್ಡಿಂಗು. ಅಪ್ಪ ಯಾರೋ ಪರಿಚಯದೋರ ಹತ್ರ ಬರೆಸಿದ್ದು ಅಂದ್ರು."

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಮುಖ ಇಂಗು ತಿಂದ ಮಂಗನಂತಾಗಿತ್ತು.

"ಶೋರೂಮಿನದು ಮಗನಿಗೆ ಮೊದಲನೇ ಕೆಲಸ. ಒಂದು ಸಾಲೂ ಹೊಳೀತಿರ್ಲಿಲ್ಲ ಅವನಿಗೆ. ಆಯ್ತು, ಇವರ ಮೇಲಿನ ಮಾತು ವಾಪಸ್ ತಗೋತೀನಿ. ಇಲ್ಲಿಗೇ ಬಿಟ್ಟುಬಿಡೋಣ."

"ಬಿಡಲ್ಲ," ಎಂದೆ.

"ಇನ್ನೇನು ಬೇಕು ನಿಮಗೆ?"

"ಬೆಳಿಗ್ಗೆಯಿಂದ ಇಡೀ ಬೀದಿ ನನ್ನನ್ನ ಕಳ್ಳಿ ಅಂತಿದೆ. 'ಮಾತು ಇವಳದು, ಕದ್ದೋನು ನಾನು' ಅಂತ ಆ ಬೋರ್ಡಿನ ಮೇಲೆ ಬರೀರಿ. ಒಂದು ತಿಂಗಳು ಯಾರೂ ಅಳಿಸಬಾರದು."

ಅವರು ಸುತ್ತಲೂ ನೋಡಿದರು. ಬೇಕರಿಯವನು ಸೀಮೆಸುಣ್ಣ ಹುಡುಕಿ ತಂದ.

"ನೀವೇ ಒಂದೆರಡು ಸಾಲು ಬರೆದುಕೊಡಿ, ಮೇಡಂ. ನಾನು ಸಹಿ ಹಾಕ್ತೀನಿ," ಎಂದರು ಅಧ್ಯಕ್ಷರು.

"ಎಲ್ಲಾ ಅಂಗಡಿಗೂ ಬರೆದುಕೊಡ್ತೀನಿ. ಇದನ್ನ ಮಾತ್ರ ಬರೆದುಕೊಡಲ್ಲ."

ಅವರೇ ಬರೆದರು. ಅತ್ತೆ ಪಕ್ಕದಲ್ಲಿ ನಿಂತು, 'ಕ್ಷಮೆ'ಗೆ ಬಿಟ್ಟುಹೋಗಿದ್ದ ಒತ್ತಕ್ಷರವನ್ನು ಹಾಕಿಸಿದರು.

ಹೊರಗೆ ಮೆಟ್ಟಿಲಿನ ಬಳಿ ಯಜಮಾನರು ಕಾಯುತ್ತಿದ್ದರು.

"ನಿನ್ನ ಮೇಲೆ ಅನುಮಾನ ಪಟ್ಟೆನಲ್ಲಮ್ಮಾ. ನನ್ನ ಮಾತೂ ಬೀದಿಪಾಲಾಯ್ತು. ಹೊಸ ಸಾಲು ಬರೀತೀಯಾ?"

"ಇಲ್ಲ. ಅದೇ ಸಾಲು. ಕದ್ದೋರು ಬದಲಾಯಿಸಲಿ, ನಾವ್ಯಾಕೆ ಬದಲಾಯಿಸಬೇಕು? ಕೆಳಗೆ ಒಂದೇ ಒಂದು ಸಾಲು ಸೇರಿಸ್ತೀನಿ."

ಶುಕ್ರವಾರ ಬೆಳಿಗ್ಗೆ ಪತ್ರಿಕೆಯೊಳಗಿನಿಂದ ಬಿಳಿಯ ಕರಪತ್ರ ಜಾರಿತು. ಅತ್ತೆ ಪೆನ್ಸಿಲ್ ಹಿಡಿದೇ ಓದಿದರು. 'ಕಾಲಕ್ಕೆ ತಕ್ಕಂತೆ ಅಲ್ಲ, ಕಾಲಿಗೆ ತಕ್ಕಂತೆ.' ನಲವತ್ತು ವರ್ಷ, ಸರಿಯಾಗಿ. ಎಲ್ಲಕ್ಕಿಂತ ಕೆಳಗೆ, ದಪ್ಪ ಅಕ್ಷರದಲ್ಲಿ: 'ಇನ್ನೊಂದು ಸಲ ಹೇಳುತ್ತೇವೆ, ಕೇಳಿ: ನಾವು ಹೊಲಿದು ಕೊಡುತ್ತೇವೆ.'

ಅತ್ತೆ ಆ 'ಹೊ' ಮೇಲೆ ಒಂದು ಕ್ಷಣ ಪೆನ್ಸಿಲ್ ನಿಲ್ಲಿಸಿದರು. ಆಮೇಲೆ ಅದನ್ನು ಕಿವಿಗೆ ಸಿಕ್ಕಿಸಿಕೊಂಡು ನನ್ನ ಕಡೆ ನೋಡಿದರು.

"ತಪ್ಪಿಲ್ಲ," ಎಂದರು.